ಮೊದಲು ಕಣ ತೋರಿಸು, ಆಮೇಲೆ ಸೈನಿಕರನ್ನು

ಪ್ರೀತಿಯ ತಂಗಿಗೆ,

1936ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಪ್ಯಾಲೆಸ್ಟೀನಿನ ಅರಬ್ಬರು ಎದ್ದ ದಂಗೆಯ ಬಗ್ಗೆ ನೀನು ಬರೆದ ಚಿತ್ರಕಥೆ ಓದಿದೆ. ಮೊದಲ ದೃಶ್ಯದಲ್ಲೇ ಬ್ರಿಟಿಷ್ ಸೈನಿಕರು ಹಳ್ಳಿಗೆ ನುಗ್ಗುತ್ತಾರೆ. ಅವರು ಇಪ್ಪತ್ತು ಪುಟ ತಡವಾಗಿ ಬರಲಿ. ಆ ಊರಿಗೆ ಏನಿತ್ತು ಎಂದು ತಿಳಿಯದಿದ್ದರೆ, ಹೋದದ್ದು ಏನೆಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಕಥೆಯನ್ನು ಬೇಸಾಯದ ತಿಂಗಳುಗಳಿಗೆ ಕಟ್ಟು. ಸಾರ್ವತ್ರಿಕ ಮುಷ್ಕರ ಶುರುವಾದದ್ದು ಏಪ್ರಿಲ್‌ನಲ್ಲಿ, ಗೋಧಿ ತೆನೆ ಬಲಿಯುವ ಹೊತ್ತಿಗೆ. ಮೇ-ಜೂನ್ ಕೊಯ್ಲು, ಬೇಸಿಗೆಯಲ್ಲಿ ಕಣದ ಒಕ್ಕಣೆ, ಅಕ್ಟೋಬರ್‌ಗೆ ಆಲಿವ್. ಅದೇ ಅಕ್ಟೋಬರ್‌ನಲ್ಲಿ ಮುಷ್ಕರ ನಿಂತಿತು. ಅರಬ್ ದೊರೆಗಳ ಮನವಿ ಒಂದು ಕಾರಣ, ಕಿತ್ತಳೆ ಕೊಯ್ಲು ಹತ್ತಿರ ಬಂದದ್ದು ಇನ್ನೊಂದು.

ಜಮೀನಿನ ವಿಷಯವನ್ನು ನೀನು ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ಅಲ್ಲೇ ನಿಲ್ಲಬೇಕು. ಎಷ್ಟೋ ಊರುಗಳಲ್ಲಿ ನೆಲ 'ಮುಶಾ', ಅಂದರೆ ಊರೊಟ್ಟಿನದು; ಕೆಲವು ವರ್ಷಕ್ಕೊಮ್ಮೆ ಪಾಲು ಬದಲಾಗುತ್ತಿತ್ತು. ತೆರಿಗೆಗೂ ಸೈನ್ಯದ ಕರೆಗೂ ಹೆದರಿ ಅನೇಕ ರೈತರು, ಬ್ರಿಟಿಷರಿಗಿಂತ ಮೊದಲಿನ ಒಟ್ಟೋಮನ್ ತುರ್ಕರ ಕಾಲದಲ್ಲಿ, ತಮ್ಮ ಹೆಸರಿನಲ್ಲಿ ನೋಂದಣಿ ಮಾಡಿಸಿರಲಿಲ್ಲ. 1928ರ ಕಾನೂನಿನ ಪ್ರಕಾರ ಹಕ್ಕು ಇತ್ಯರ್ಥ ಶುರುವಾದಾಗ, ಉಳುವವನ ಕೈಯಲ್ಲಿ ಕಾಗದವಿಲ್ಲ. ಅಳತೆಯವರು ಬಂದ ದಿನವೇ ನಿನ್ನ ಮೊದಲ ದೊಡ್ಡ ದೃಶ್ಯ. ಅಳತೆ ದುನಮ್‌ನಲ್ಲಿ: 1000 ಚದರ ಮೀಟರ್, ನಮ್ಮ ಹತ್ತು ಗುಂಟೆಯ ಹತ್ತಿರ. ಆಗ ಮುಖ್ತಾರನನ್ನು ನಡುವೆ ನಿಲ್ಲಿಸು. ನಮ್ಮ ಪಟೇಲರ ಹಾಗೆ ಅವನು ಸರ್ಕಾರಕ್ಕೂ ಬೇಕು, ನೆಂಟರಿಗೂ ಬೇಕು. ಅವನನ್ನು ಬರೀ ದ್ರೋಹಿಯಾಗಿ ಬರೆದರೆ ಊರೇ ಸುಳ್ಳಾಗುತ್ತದೆ.

ಶೋಧದ ದೃಶ್ಯವನ್ನು ಸೈನಿಕರು ಹೊರಟ ಕೂಡಲೇ ಕತ್ತರಿಸಬೇಡ. ಅವರು ಮನೆಯ ಕಾಳು, ಹಿಟ್ಟು, ಎಣ್ಣೆಯನ್ನು ನೆಲಕ್ಕೆ ಸುರಿದು ಬೆರೆಸಿಬಿಡುತ್ತಿದ್ದರು. ವರ್ಷದ ಊಟದ ಜೊತೆ ಮುಂದಿನ ಬಿತ್ತನೆಯೂ ಹೋಯಿತು. ಹೆಂಗಸರು ಕೂತು ಕಾಳು ಆರಿಸುವಷ್ಟು ಹೊತ್ತು ಕ್ಯಾಮೆರಾ ಅಲ್ಲೇ ಇರಲಿ. ಸಾಮೂಹಿಕ ದಂಡದ ಆದೇಶ ಆಮೇಲೆ ಬರಲಿ.

1936ರ ಜಾಫಾದಲ್ಲಿ ಎಲ್ಲರ ತಲೆಗೂ ಕೂಫಿಯಾ, ಅಂದರೆ ಹಳ್ಳಿಯವರ ತಲೆವಸ್ತ್ರ, ಸುತ್ತಿಸಿದ್ದೀಯ. ಪಟ್ಟಣದ ಗಂಡಸರು ತರ್ಬೂಷ್ ಎಂಬ ಕೆಂಪು ಟೋಪಿ ಬಿಟ್ಟು ಕೂಫಿಯಾ ತೊಡಬೇಕೆಂದು ದಂಗೆಕೋರರು ಆಜ್ಞೆ ಮಾಡಿದ್ದು 1938ರಲ್ಲಿ. ಆ ಬದಲಾವಣೆಯೇ ಒಂದು ದೃಶ್ಯವಾಗುತ್ತದೆ.

ಕನ್ನಡದ ನಂಟು ಬೇಕೆಂದಿದ್ದೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೀನಿನ ಹೈಫಾ ಪಟ್ಟಣವನ್ನು ಒಟ್ಟೋಮನ್ನರಿಂದ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯೂ ಇತ್ತು. ದಂಗೆ ಅಡಗಿಸಲು ಸಲಹೆ ಕೊಟ್ಟ ಚಾರ್ಲ್ಸ್ ಟೆಗಾರ್ಟ್ ಕಲ್ಕತ್ತೆಯ ಪೊಲೀಸ್ ಕಮಿಷನರ್ ಆಗಿದ್ದವನು. ಒಬ್ಬ ಮುದುಕನ ಒಂದು ಮಾತಿನಲ್ಲಿ ಇದು ಬಂದರೆ ಸಾಕು, ಕಥೆ ಆ ಊರಿನವರದೇ ಆಗಿರಲಿ.

ಮುಂದಿನ ಕರಡಿನಲ್ಲಿ ಪ್ರತಿ ದೃಶ್ಯದ ಮೇಲೂ ತಿಂಗಳು, ಹೊಲದಲ್ಲಿರುವ ಬೆಳೆ, ಮನೆಯಲ್ಲಿ ಉಳಿದಿರುವ ಕಾಳು, ಇಷ್ಟನ್ನು ಬರೆದು ಕಳಿಸು.

ನಿನ್ನ ಅಣ್ಣ