ಬೆಟ್ಟ ನೀರಿನ ಕೆಳಗಿದೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ದ್ವೀಪರಾಷ್ಟ್ರಗಳಿಗೆ ಸಮುದ್ರದಲ್ಲೇ ವಿದ್ಯುತ್ ಕೂಡಿಡುವ ಕೆಲಸಕ್ಕೆ ಸೇರುತ್ತಿದ್ದೇನೆ ಎಂದು ನೀನು ಬರೆದದ್ದನ್ನು ಎರಡು ಸಲ ಓದಿದೆ. ತುಂಬಾ ಸಂತೋಷವಾಯಿತು. ಉಪ್ಪುನೀರಿನ ಪಂಪುಗಳ ಜೊತೆ ಮೂವತ್ತು ವರ್ಷ ಏಗಿದವನು ನಾನು, ನಾಲ್ಕು ಮಾತು ಹೇಳದೆ ಇರಲಾರೆ.

ಮಾಲ್ಡೀವ್ಸ್ ತಗೋ. ಸಾವಿರಕ್ಕೂ ಹೆಚ್ಚು ದ್ವೀಪ, ನೆಲ ಮಾತ್ರ ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರ. ಜನ ಇರುವ ದ್ವೀಪಕ್ಕೊಂದು ಡೀಸೆಲ್ ಜನರೇಟರ್, ಎಣ್ಣೆಯೆಲ್ಲ ಹಡಗಿನಲ್ಲೇ ಬರಬೇಕು. ಬಿಸಿಲು ಬೇಕಾದಷ್ಟಿದೆ, ಆದರೆ ಹೊತ್ತು ಮುಳುಗಿದ ಮೇಲೆ ಏನು ಮಾಡುವುದು? ಕೊರತೆ ಬಿದ್ದರೆ ಪಕ್ಕದವರ ತಂತಿಯಿಂದ ಎಳೆದುಕೊಳ್ಳುವ ಹಾಗಿಲ್ಲ. ಹಗಲು ನೀರನ್ನು ಎತ್ತರಕ್ಕೆ ಏರಿಸಿಟ್ಟುಕೊಂಡು, ರಾತ್ರಿ ಇಳಿಸಿ ವಿದ್ಯುತ್ ತೆಗೆಯೋಣ ಎಂದರೆ ಬೆಟ್ಟವಿಲ್ಲ.

ಬೆಟ್ಟ ಇದೆ ಮಗಳೇ, ನೀರಿನ ಕೆಳಗಿದೆ. ಹವಳದ್ವೀಪಗಳು ಕುಸಿದ ಜ್ವಾಲಾಮುಖಿಗಳ ನೆತ್ತಿಯ ಮೇಲೆ ಬೆಳೆದವು. ಹೊರದಂಡೆ ದಾಟಿದೆಯೋ, ಆಳ ನೂರಾರು ಮೀಟರಿಗೆ ಇಳಿದುಬಿಡುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯವರು ಬಳಸಿಕೊಂಡದ್ದು ಇಂಥ ಆಳವನ್ನೇ. ಟೊಳ್ಳು ಕಾಂಕ್ರೀಟ್ ಗೋಳವನ್ನು ತಳದಲ್ಲಿ ಕೂರಿಸುತ್ತಾರೆ. ಹೆಚ್ಚಾದ ವಿದ್ಯುತ್ತಿನಿಂದ ಒಳಗಿನ ನೀರನ್ನು ಹೊರಗೆ ತಳ್ಳುತ್ತಾರೆ, ಬೇಕಾದಾಗ ಕವಾಟ ತೆರೆದರೆ ಸಮುದ್ರವೇ ಟರ್ಬೈನ್ ತಿರುಗಿಸುತ್ತಾ ಒಳನುಗ್ಗುತ್ತದೆ. 2016ರಲ್ಲಿ ಜರ್ಮನಿಯ ದಕ್ಷಿಣ ಗಡಿಯ ಬೋಡನ್‌ಸೀ ಸರೋವರದ 100 ಮೀಟರ್ ಆಳದಲ್ಲಿ 3 ಮೀಟರ್ ವ್ಯಾಸದ ಗೋಳವನ್ನು ಪರೀಕ್ಷಿಸಿದರು.

ಲೆಕ್ಕ ನೀನೇ ಹಾಕಿ ನೋಡು. 700 ಮೀಟರ್ ಆಳದಲ್ಲಿ ನೀರಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 70 ಪಟ್ಟು. ಆದರೂ ಒಂದು ಘನಮೀಟರ್ ನೀರು ಒಳಬಂದರೆ ಸಿಗುವುದು ಎರಡು ಯೂನಿಟ್‌ಗೂ ಕಡಿಮೆ. ಅದಕ್ಕೇ 30 ಮೀಟರ್ ವ್ಯಾಸದ ಗೋಳ ಬೇಕಾಗುವುದು, ಆಗ ಒಂದರಲ್ಲಿ ಹತ್ತಿರ ಹತ್ತಿರ 20,000 ಯೂನಿಟ್ ನಿಲ್ಲುತ್ತದೆ.

ಇನ್ನು ನನ್ನ ಅನುಭವದ ಮಾತು. ಒಮ್ಮೆ ಪಂಪಿನ ಬಾಯಿಯ ಜಾಲರಿಯನ್ನು ಎರಡು ತಿಂಗಳು ಬಿಚ್ಚದೆ ಬಿಟ್ಟಿದ್ದೆವು. ತೆಗೆದರೆ ಒಂದು ಕಣ್ಣೂ ಕಾಣಿಸಲಿಲ್ಲ. ಬೆರಳುದಪ್ಪ ಚಿಪ್ಪು ಮೆತ್ತಿಕೊಂಡು ಕಲ್ಲಾಗಿತ್ತು. ಉಳಿ ಸುತ್ತಿಗೆ ಹಿಡಿದು ಕೆತ್ತಬೇಕಾಯಿತು, ಅಂಗೈಯೆಲ್ಲ ಗೀರು. ಬೋಲ್ಟುಗಳು ತಿರುಗಲೇ ಇಲ್ಲ, ಕತ್ತರಿಸಿ ತೆಗೆದೆವು. 700 ಮೀಟರಿನ ಕತ್ತಲಲ್ಲಿ ಈ ಚಿಪ್ಪಿನ ಕಾಟ ಕಮ್ಮಿ ನಿಜ, ಆದರೆ ಅಲ್ಲಿಗೆ ಉಳಿ ಹಿಡಿದು ಇಳಿಯುವವರು ಯಾರು? ಪಂಪು-ಟರ್ಬೈನನ್ನು ಗೋಳದಿಂದ ಬಿಡಿಸಿ ಮೇಲೆತ್ತುವ ಹಾಗಿರಲಿ. ಎತ್ತುವ ಹಡಗು ಎಲ್ಲಿಂದ ಬರಬೇಕು, ಎಷ್ಟು ದಿನ ಹಿಡಿಯುತ್ತದೆ, ಅಷ್ಟು ದಿನ ದ್ವೀಪದ ಆಸ್ಪತ್ರೆ ಯಾವುದರ ಮೇಲೆ ನಡೆಯುತ್ತದೆ, ಇದನ್ನು ಮೊದಲ ಸಭೆಯಲ್ಲೇ ಕೇಳು. ಅಲೆ ಒಡೆಯುವ ಹವಳದ ಅಂಚನ್ನು ಕೇಬಲ್ ಹೇಗೆ ದಾಟುತ್ತದೆ ಎಂದೂ ಕೇಳು.

ಜಪಾನಿನ ಓಕಿನಾವಾದಲ್ಲಿ 1999ರಲ್ಲಿ ಸಮುದ್ರದ ನೀರನ್ನೇ ದಡದ ಮೇಲಿನ ಕೆರೆಗೆ ಏರಿಸಿ ಇಳಿಸುವ 30 ಮೆಗಾವ್ಯಾಟ್ ಸ್ಥಾವರ ಶುರುವಾಯಿತು. ಉಪ್ಪುನೀರು ಮಣ್ಣಿಗೆ ಜಿನುಗದಂತೆ ಕೆರೆಗೆ ರಬ್ಬರ್ ಹಾಳೆ ಹೊದಿಸಿದ್ದರು, ತುಕ್ಕಿಗೆ ಸಿಕ್ಕದಂತೆ ನಾರು ಬೆರೆಸಿದ ಪ್ಲಾಸ್ಟಿಕ್ಕಿನ ಕೊಳವೆ ಹಾಕಿದ್ದರು. ಕೆಲಸವೇನೋ ಮಾಡಿತು. ಖರ್ಚು ಗಿಟ್ಟಲಿಲ್ಲ, 2016ರಲ್ಲಿ ಮುಚ್ಚಿದರು. ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಬ್ಯಾಟರಿಯನ್ನು ಹಗುರವಾಗಿ ಕಾಣಬೇಡ. ಪೆಸಿಫಿಕ್ ಸಾಗರದ ಟೊಕೆಲಾವುನ ಮೂರು ಹವಳದ್ವೀಪಗಳಲ್ಲಿ ಸುಮಾರು 1,500 ಜನ. 2012ರಲ್ಲಿ ಅವರು ಸೌರಫಲಕ, ಬ್ಯಾಟರಿ ಇಟ್ಟುಕೊಂಡೇ ಡೀಸೆಲನ್ನು ಬಹುಪಾಲು ಬಿಟ್ಟರು. ಅಂಥಲ್ಲಿಗೆ ಗೋಳ ಹೊತ್ತುಕೊಂಡು ಹೋದರೆ ಅದು ಅವರಿಗೆ ಮಾಡುವ ಅನ್ಯಾಯ. ಲಕ್ಷಗಟ್ಟಲೆ ಜನ ಒತ್ತಾಗಿರುವ, ಬ್ಯಾಟರಿ ಕೂರಿಸಲೂ ಜಾಗವಿಲ್ಲದ ದ್ವೀಪವಿದ್ದು, ಪಕ್ಕದಲ್ಲೇ ಆಳ ಸಿಕ್ಕರೆ, ಆಗ ಪಟ್ಟು ಹಿಡಿದು ವಾದಿಸು.

ಅದಕ್ಕೂ ಮುಂಚೆ ಅಲ್ಲಿ ಡೀಸೆಲ್ ಜನರೇಟರ್ ನೋಡಿಕೊಳ್ಳುವವರ ಜೊತೆ ಒಂದು ರಾತ್ರಿ ಕೂತುಕೋ. ಲೋಡ್ ಯಾವಾಗ ಏರುತ್ತದೆ, ಯಾವ ತಿಂಗಳು ಎಣ್ಣೆ ಹಡಗು ತಡವಾಗುತ್ತದೆ ಎನ್ನುವುದು ಅವರಿಗೆ ಬಾಯಿಪಾಠ. ಗಂಟೆಗಂಟೆಗೂ ಬರೆದಿಡುವ ಪುಸ್ತಕವೊಂದು ಅವರ ಹತ್ತಿರ ಇರುತ್ತದೆ. ಅವರನ್ನು ಕೇಳಿ ಒಂದು ವಾರದ ಪುಟಗಳ ಫೋಟೊ ತೆಗೆದು ನನಗೂ ಕಳಿಸು, ಇಬ್ಬರೂ ಕೂತು ನೋಡೋಣ.

ಇಂತಿ ನಿನ್ನ
ದೊಡ್ಡಪ್ಪ