ಹನ್ನೊಂದು ಜೆರ್ಸಿ, ಒಂದಿಷ್ಟು ಬಾಕಿ

ಕಳೆದ ಭಾನುವಾರ ಶೂ ಬಿಚ್ಚಿಟ್ಟೆ. ವಯಸ್ಸು 37, ಇನ್ನು ಸಾಕು. ತುಮಕೂರಿನ ಗೆಳೆಯರೆಲ್ಲ ಸೇರಿ ನನಗೋಸ್ಕರ ಒಂದು ಬ್ಯಾಸ್ಕೆಟ್‌ಬಾಲ್ ಮ್ಯಾಚು ಇಟ್ಟುಕೊಂಡಿದ್ದರು. ಎರಡು ಕ್ವಾರ್ಟರ್ ಮುಗಿಯುವಷ್ಟರಲ್ಲಿ ಹಳಬರೆಲ್ಲ ಉಸ್ಸಪ್ಪಾ ಅಂತ ಕೂತುಬಿಟ್ಟೆವು. ಶಾಲು ಹೊದಿಸಿದವರು ಮೈಕಿನಲ್ಲಿ 'ಮಾಜಿ ಅಂತಾರಾಷ್ಟ್ರೀಯ ಆಟಗಾರ' ಅಂದರು. ಅಲ್ಲ ಸ್ವಾಮಿ. ರಾಜ್ಯ ತಂಡದ ಕ್ಯಾಂಪಿಗೆ ಎರಡು ಸಲ ಹೋಗಿ, ಎರಡು ಸಲವೂ ಕೊನೆಯ ಹನ್ನೆರಡರಲ್ಲಿ ಹೆಸರಿಲ್ಲದೆ ಬಸ್ ಹತ್ತಿದವನು ನಾನು. ಅಲ್ಲೇ ಹೇಳಲು ಗಂಟಲು ಕಟ್ಟಿತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗೆಸ್ಟ್ ಪ್ಲೇಯರ್. ಅಂದರೆ, ಯಾವುದೋ ತಂಡದಲ್ಲಿ ಚೆಂಡು ನಡೆಸುವ ಆಟಗಾರನಿಗೆ (ಗಾರ್ಡ್ ಅಂತೀವಿ) ಕಾಲು ಉಳುಕಿರುತ್ತದೆ, ಇಲ್ಲಾ ಆಫೀಸಿನಲ್ಲಿ ರಜೆ ಸಿಕ್ಕಿರುವುದಿಲ್ಲ. ಆಗ ಫೋನ್ ಬರುತ್ತದೆ. 'ನಾಳೆ ರಾತ್ರಿ ಮ್ಯಾಚು, ಬರ್ತೀಯಾ?' ಸ್ಲೀಪರ್ ಟಿಕೆಟ್, ಊಟ, ಕೈಗೆ ಒಂದಿಷ್ಟು ದುಡ್ಡು. ಜೆರ್ಸಿ ಅವರದು, ಶೂ ನಮ್ಮದು. ಹದಿನೇಳು ವರ್ಷದಲ್ಲಿ ಹೀಗೆ ಹನ್ನೊಂದು ತಂಡದ ಜೆರ್ಸಿ ಹಾಕಿದೆ. ಮುಖ್ಯ ಗಾರ್ಡ್ ನಾಲ್ಕನೇ ಫೌಲ್ ಮಾಡಿದಾಗ ಕೋಚ್ ನನ್ನ ಕಡೆ ನೋಡುತ್ತಿದ್ದರು, ಐದನೆಯದು ಮಾಡಿ ಅವನು ಆಟದಿಂದ ಹೊರಬಿದ್ದಾಗ ನಾನು ಎದ್ದು ನಿಲ್ಲುತ್ತಿದ್ದೆ. ಇನ್ನೊಬ್ಬನ ಫೌಲೇ ನನ್ನ ಅನ್ನ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಸುಮ್ನೆ ತಮಾಷೆಯಲ್ಲ, ನಿಜವೇ.

ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬದುಕಬೇಕು ಅಂದರೆ ರೈಲ್ವೇಸ್, ಆರ್ಮಿ, ಓಎನ್‌ಜಿಸಿ, ಬ್ಯಾಂಕು, ಹೀಗೆ ಎಲ್ಲಾದರೂ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗಬೇಕು. ಕೆಲಸ ಸಿಕ್ಕವನಿಗೆ ಸಂಬಳ, ಬೆಳಿಗ್ಗೆ ಪ್ರಾಕ್ಟೀಸಿಗೆ ಪರ್ಮಿಷನ್, ಗಾಯವಾದರೆ ಆಸ್ಪತ್ರೆ. ಸಿಗದವನು ಊರೂರು ಸುತ್ತಬೇಕು. 2015ರಲ್ಲಿ ಯುಬಿಎ ಅನ್ನುವ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾದಾಗ, ಬೆಂಗಳೂರಿಗೂ ಬೀಸ್ಟ್ ಅಂತ ಒಂದು ತಂಡ ಬಂದಾಗ, ನಮ್ಮಂಥವರ ಕಾಲ ಬಂತು ಅಂದುಕೊಂಡೆವು. ನಾನು ಟ್ರಯಲ್ಸ್‌ನಲ್ಲೇ ಉಳಿದೆ. ಆ ಲೀಗ್ 2017ಕ್ಕೆ ನಿಂತೂ ಹೋಯಿತು. ಅದೇ 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್‌ನನ್ನು ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ, 52ನೆಯವನಾಗಿ ಡಲ್ಲಾಸ್ ತಂಡ ಆರಿಸಿಕೊಂಡಿತು. ಏಳಡಿ ಎರಡಿಂಚು ಎತ್ತರದ ಹುಡುಗ. ಭಾರತದಲ್ಲಿ ಹುಟ್ಟಿದವರಲ್ಲಿ ಅವನೇ ಮೊದಲಿಗ. ಅವತ್ತು ಖುಷಿಗೆ ಇಡೀ ಗ್ಯಾಂಗಿಗೆ ಕಾಫಿ ಕೊಡಿಸಿದ್ದೆ. ಆ ಕಾಫಿಯ ಲೆಕ್ಕವೂ ಕ್ಯಾತ್ಸಂದ್ರದ ಹೋಟೆಲಿನವರ ಪುಸ್ತಕದಲ್ಲೇ ಬರೆಸಿದ್ದು.

ಹಾಗಾಗಿ ಮೊದಲ ಥ್ಯಾಂಕ್ಸ್ ಅವರಿಗೇ. ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ ಬಂದರೆ ಎರಡು ತಟ್ಟೆ ಇಡ್ಲಿಗೆ ಮೂರನೆಯದನ್ನು ಸೇರಿಸಿ, ಮೇಲೊಂದು ಉಂಡೆ ಬೆಣ್ಣೆ ಇಟ್ಟು, ಎರಡಕ್ಕೇ ಬರೆದುಕೊಳ್ಳುತ್ತಿದ್ದಿರಿ. ನನಗೆ ಗೊತ್ತಾಗಲ್ಲ ಅಂದುಕೊಂಡಿದ್ದಿರಿ, ಅಲ್ವಾ?

ಬಸ್ ಸ್ಟ್ಯಾಂಡ್ ಹತ್ತಿರ ಕೂರುವ ಚಪ್ಪಲಿ ಹೊಲಿಯುವ ಅಣ್ಣನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಸಿಮೆಂಟ್ ಅಂಕಣದಲ್ಲಿ ಶೂ ಎರಡು ತಿಂಗಳು ಬಂದರೆ ಹೆಚ್ಚು. ಹೆಬ್ಬೆರಳ ಕೆಳಗೆ, ತಿರುಗುವ ಜಾಗದಲ್ಲೇ ಸೋಲ್ ಬಾಯಿ ಬಿಡುತ್ತದೆ. ಬರೀ ಗಮ್ ಹಾಕಿದರೆ ನಿಲ್ಲಲ್ಲ ಅಂತ ಮೊದಲು ಹೇಳಿದ್ದು ಅವರೇ. ಒಳಗಿನ ಹಳೇ ಗಮ್ ಎಲ್ಲ ಕೆರೆದು, ಸೊಲ್ಯೂಷನ್ ಹಚ್ಚಿ, ಒಣಗೋವರೆಗೂ ಬಿಸಿಲಲ್ಲಿಟ್ಟು, ಆಮೇಲೆ ಟೈರಿನ ತುಂಡು ಕೂರಿಸಿ ಸುತ್ತ ಹೊಲಿಗೆ ಹಾಕುತ್ತಿದ್ದರು. ಒಂದೊಂದು ಸಲ ಮುಕ್ಕಾಲು ಗಂಟೆ. 'ನೀನು ಬಲಗಡೆ ಜಾಸ್ತಿ ತಿರುಗ್ತೀಯ ಕಣಪ್ಪ' ಅಂತ ಸೋಲ್ ನೋಡಿಯೇ ಹೇಳಿಬಿಟ್ಟರು ಒಂದು ದಿನ. ಯಾವ ಕೋಚೂ ಅದನ್ನು ಗಮನಿಸಿರಲಿಲ್ಲ. ಅವತ್ತಿಂದ ಎಡಗೈ ಡ್ರಿಬ್ಲಿಂಗ್ ಶುರು ಮಾಡಿದೆ.

ಆ ಟೈರು ಸೋಲಿನ ಶೂನಲ್ಲೇ ಪೆರಿಯಕುಳಂ, ಕರೂರು, ಕೊಯಮತ್ತೂರು ಎಲ್ಲ ಸುತ್ತಿದ್ದು. ತಮಿಳುನಾಡಿನ ಈ ಅಖಿಲ ಭಾರತ ಟೂರ್ನಿಗಳನ್ನು ನೋಡದವರಿಗೆ ಹೇಳಿದರೆ ನಂಬಲ್ಲ. ಬಿಸಿಲು ಇಳಿದ ಮೇಲೆ ಲೈಟಿನ ಕೆಳಗೆ ಆಟ. ಪೆರಿಯಕುಳಂನಂಥ ಸಣ್ಣ ಊರಲ್ಲೂ ಜನ ಸುತ್ತ ಕಿಕ್ಕಿರಿದು ಕೂತಿರುತ್ತಾರೆ, ನಮ್ಮಲ್ಲಿ ಕಬಡ್ಡಿಗೆ ಕೂತ ಹಾಗೆ. ಒಂದು ಟೂರ್ನಿಯಲ್ಲಿ ಕೊನೆಯ ಅರ್ಧ ನಿಮಿಷಕ್ಕೆ ನನ್ನನ್ನು ಇಳಿಸಿದರು. ಎರಡು ಫ್ರೀ ಥ್ರೋ ಸಿಕ್ಕಿತು, ಅಂದರೆ ಯಾರೂ ಅಡ್ಡ ಬರದೆ ಗೆರೆಯ ಹಿಂದೆ ನಿಂತು ಬುಟ್ಟಿಗೆ ಎಸೆಯುವ ಅವಕಾಶ. ಒಂದೂವರೆ ಗಂಟೆ ಬೆಂಚಲ್ಲಿ ಕೂತು ಕಾಲು ಮರಗಟ್ಟಿತ್ತು. ಮೊದಲನೆಯದು ರಿಂಗಿಗೂ ತಾಗಲಿಲ್ಲ. ಎದುರು ತಂಡದ ಕಡೆಯ ಒಬ್ಬ ಅಜ್ಜ ಎದ್ದು, ಮೊಣಕಾಲು ಬಗ್ಗಿಸಿ ಎಸಿ ಅಂತ ಕೈಸನ್ನೆ ಮಾಡಿದರು. ಎರಡನೆಯದು ಬಿತ್ತು. ಆ ಅಜ್ಜನಿಗೂ ನಮಸ್ಕಾರ. ಮ್ಯಾಚು ಸೋತೆವು, ಅದು ಬೇರೆ ಮಾತು.

2018ರಲ್ಲಿ ಮೊಣಕಾಲು ಹೋಯಿತು. ಯಾರೂ ತಾಗಿರಲಿಲ್ಲ. ಓಡುತ್ತಿದ್ದವನು ನಿಂತು ತಿರುಗಿದೆ, ಒಳಗೆ ಟಪ್ ಅಂತು. ಎಸಿಎಲ್, ಅಂದರೆ ಮೊಣಕಾಲಿನೊಳಗಿನ ಅಸ್ಥಿರಜ್ಜು, ಹರಿಯುವುದು ಹೆಚ್ಚಾಗಿ ಹಾಗೇ. ನನ್ನನ್ನು ಕರೆಸಿಕೊಂಡಿದ್ದವರು ಆಮೇಲೆ ಫೋನ್ ಎತ್ತಲಿಲ್ಲ, ಆ ಟೂರ್ನಿಯ ದುಡ್ಡೂ ಬರಲಿಲ್ಲ. ಹೆಸರು ಬೇಡ ಬಿಡಿ. ಆಪರೇಷನ್ ದುಡ್ಡು ಹೊಂದಿಸಿದ್ದು ನನ್ನ ಜೊತೆ ಮತ್ತು ನನ್ನ ಎದುರು ಆಡಿದ ಹುಡುಗರು. ಕೆಲವರ ಮುಖ ನೆನಪಿದೆ, ಹೆಸರು ಮರೆತಿದ್ದೆ. ಒಬ್ಬ ಐನೂರು ಕಳಿಸಿ 'ಸಾರಿ ಅಣ್ಣ, ಇಷ್ಟೇ ಇದೆ' ಅಂತ ಮೆಸೇಜು ಹಾಕಿದ್ದ. ತಮ್ಮಾ, ಆ ಮೆಸೇಜನ್ನು ಇನ್ನೂ ಡಿಲೀಟ್ ಮಾಡಿಲ್ಲ.

ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಮೊಣಕಾಲಿಗೆ ಜೋಡಿಸಿದರು. ಮೊದಲ ವಾರದ ವ್ಯಾಯಾಮ ಏನು ಗೊತ್ತಾ? ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವುದು. ಅಷ್ಟೇ. ಅದಕ್ಕೇ ಬೆವರು ಬರುತ್ತಿತ್ತು. ವಾರಕ್ಕೆ ಎರಡು ಸಲ ಫಿಸಿಯೋ ಹತ್ತಿರ ಬೆಂಗಳೂರಿಗೆ ಹೋಗಬೇಕಿತ್ತು. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೋಗಿದ್ದವರಿಗೆ ಗೊತ್ತು, ಹಿರೇಹಳ್ಳಿ ಬರೋದರೊಳಗೆ ಕಾಲಿಡಲು ಜಾಗ ಇರಲ್ಲ. ಆದರೆ ನಮ್ಮ ಬೋಗಿಯ ದಿನದ ಪ್ರಯಾಣಿಕರು ನನ್ನ ಕಾಲು ಚಾಚಲು ಎದುರಿನ ಸೀಟನ್ನು ಯಶವಂತಪುರದವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ. ಇಸ್ಪೀಟು ಆಡುವ ಗುಂಪು ಬೇರೆಯವರ ಜೊತೆ ಜಗಳವನ್ನೂ ಆಡಿತು ನನಗಾಗಿ. ನಾಲ್ಕು ತಿಂಗಳಿಗೆ ಅಮಾನಿಕೆರೆ ಏರಿ ಮೇಲೆ ನಡಿಗೆ, ಆಮೇಲೆ ಸಿದ್ಧಗಂಗೆ ಬೆಟ್ಟದ ಮೆಟ್ಟಿಲು. ಹತ್ತೋದಕ್ಕಿಂತ ಇಳಿಯೋದೇ ಕಷ್ಟ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟವನು ಅಮೆರಿಕದ ಇಷ್ ಸ್ಮಿತ್. ಆರಡಿ ಎತ್ತರದ ಗಾರ್ಡ್. 2010ರ ಡ್ರಾಫ್ಟ್‌ನಲ್ಲಿ ಅವನನ್ನು ಯಾರೂ ಆರಿಸಲಿಲ್ಲ. ಆಮೇಲೆ ಎನ್‌ಬಿಎಯಲ್ಲಿ 13 ತಂಡಗಳಿಗೆ ಆಡಿ ದಾಖಲೆಯನ್ನೇ ಮಾಡಿದ. 2023ರಲ್ಲಿ ಡೆನ್ವರ್ ಜೊತೆ ಚಾಂಪಿಯನ್ ಕೂಡ ಆದ. ನನ್ನದು ಹನ್ನೊಂದಕ್ಕೇ ನಿಂತಿತು, ಎರಡು ಕಮ್ಮಿ. ಅವನ ಸಂಬಳದ ವಿಷಯ ಅಮ್ಮನಿಗೆ ಹೇಳಿಲ್ಲ.

ಗಾಯದ ನಂತರ ಜಾಸ್ತಿ ಆಡಿದ್ದು ತ್ರೀ ಬೈ ತ್ರೀ, ಒಂದು ಕಡೆ ಮೂವರಷ್ಟೇ ಆಡುವ ಬ್ಯಾಸ್ಕೆಟ್‌ಬಾಲ್. ಅರ್ಧ ಅಂಕಣ, ಹತ್ತು ನಿಮಿಷ ಅಥವಾ 21 ಪಾಯಿಂಟು. ನನ್ನ ಮಂಡಿಗೆ ಅಷ್ಟೇ ಸಾಕಿತ್ತು.

ಅಮ್ಮನಿಗೆ ಈ ಆಟ ಇವತ್ತಿಗೂ ಅರ್ಥವಾಗಿಲ್ಲ. 'ಅಷ್ಟು ಎತ್ತರದಲ್ಲಿ ಯಾಕೆ ಕಟ್ತಾರೆ ಬುಟ್ಟಿನ?' ಅನ್ನುತ್ತಾಳೆ. ಹತ್ತಡಿ ಅಮ್ಮ, ಎಲ್ಲ ಕಡೆ ಅಷ್ಟೇ. ನನ್ನ ಹಳೆಯ ಜೆರ್ಸಿಗಳೆಲ್ಲ ಅವಳ ಅಡುಗೆಮನೆಯಲ್ಲಿವೆ. ಸಾರಿನ ಪಾತ್ರೆ ಇಳಿಸುವ ಮಸಿಬಟ್ಟೆಯ ಮೇಲೆ ನನ್ನ 9 ನಂಬರ್ ಇನ್ನೂ ಓದಬಹುದು. ಯಾರಾದರೂ ನಕ್ಕರೆ, 'ಒಳ್ಳೆ ಬಟ್ಟೆ, ಬೇಗ ಒಣಗುತ್ತೆ' ಅನ್ನುತ್ತಾಳೆ. ಕೆಲಸ ಹುಡುಕು ಅಂತ ಅವಳು ಹೇಳಿದ್ದು ಒಂದೇ ಸಲ, ಕ್ರೀಡಾ ಕೋಟಾದ ವಯಸ್ಸು ದಾಟಿದ ದಿನ. ಆಮೇಲೆ ಹೇಳಲಿಲ್ಲ.

ಕೊನೆಯದಾಗಿ ನಮ್ಮ ಅಂಕಣದ ವಾಚ್‌ಮನ್ ತಾತ. ಮಳೆ ನಿಂತ ಮೇಲೆ ಗೋಣಿಚೀಲ ಹಾಸಿ, ನೀರು ಹೀರಿಸಿ, ಹಿಂಡಿ, ಮತ್ತೆ ಹಾಸಿ, ಫ್ರೀ ಥ್ರೋ ಗೆರೆ ಕಾಣೋವರೆಗೂ ನನ್ನ ಜೊತೆ ಬಗ್ಗಿದವರು. ಈಗ ಅವರಿಲ್ಲ. ಚೀಲಗಳು ರೂಮಿನ ಮೂಲೆಯಲ್ಲೇ ಇದ್ದವು, ತೂತು ಬಿದ್ದಿವೆ.

ಬರುವ ಶನಿವಾರದಿಂದ ಬೆಳಿಗ್ಗೆ ಆರಕ್ಕೆ ಮಕ್ಕಳಿಗೆ ಅಲ್ಲೇ ಹೇಳಿಕೊಡುತ್ತೇನೆ. ಫೀಸ್ ಇಲ್ಲ. ಶೂ ಇಲ್ಲದಿದ್ದರೂ ಬನ್ನಿ, ನೋಡೋಣ. ರಾತ್ರಿ ಮಳೆ ಬಂದಿದ್ದರೆ ಮಾತ್ರ ಮನೆಯಿಂದ ಒಂದೊಂದು ಗೋಣಿಚೀಲ ತನ್ನಿ.