ಯುದ್ಧ ಯಾರಿಗೂ ಹಕ್ಕು ಕೊಡಲಿಲ್ಲ

ಮಾನ್ಯ ಸಂಪಾದಕರೇ,

ಮೊದಲನೇ ಮಹಾಯುದ್ಧದ ಕಾಲದ ಅಮೆರಿಕವನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರ ಹೆಚ್ಚಿನ ವಿವರಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯುದ್ಧವು ಅಲ್ಲಿನ ಮಹಿಳೆಯರಿಗೆ ಮತದಾನದ ಹಕ್ಕನ್ನೂ ಕಪ್ಪು ಜನರಿಗೆ ಹೊಸ ಬದುಕನ್ನೂ ಕೊಟ್ಟಿತು ಎಂದು ಲೇಖಕರು ಕೊನೆಯಲ್ಲಿ ಹೇಳಿರುವುದನ್ನು ಒಪ್ಪಲಾರೆ. ಪದವಿ ತರಗತಿಗಳಿಗೆ ಹಲವು ವರ್ಷ ಇತಿಹಾಸ ಪಾಠ ಹೇಳಿದ ನನಗೆ, ಪರೀಕ್ಷೆಯ ಗೈಡುಗಳಲ್ಲಿಯೂ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿಯೂ ಇದೇ ಮಾತು ಮತ್ತೆ ಮತ್ತೆ ಎದುರಾಗಿದೆ. 'ಕೊಟ್ಟಿತು' ಎಂಬ ಆ ಒಂದು ಕ್ರಿಯಾಪದದಲ್ಲಿ ಬಹಳ ಜನರ ನೋವು ಮುಚ್ಚಿಹೋಗುತ್ತದೆ.

ಈ ಕಥೆಯನ್ನು ಅಮೆರಿಕ ಮಹಾಯುದ್ಧಕ್ಕೆ ಇಳಿದ 1917ರಿಂದಲ್ಲ, 1898ರಿಂದ ಆರಂಭಿಸಬೇಕು. ಆ ವರ್ಷ ಸ್ಪೇನಿನ ವಸಾಹತಾಗಿದ್ದ ಕ್ಯೂಬಾದ ನೆಪದಲ್ಲಿ ಸ್ಪೇನಿನ ಮೇಲೆ ಯುದ್ಧ ಹೂಡಿದ ಅಮೆರಿಕ, ವರ್ಷ ಮುಗಿಯುವುದರೊಳಗೆ ಪೋರ್ಟೊ ರಿಕೊ, ಗುವಾಮ್ ದ್ವೀಪಗಳನ್ನು ಪಡೆದುಕೊಂಡು, ಎರಡು ಕೋಟಿ ಡಾಲರ್ ತೆತ್ತು ಫಿಲಿಪ್ಪೀನ್ಸನ್ನೂ ತನ್ನದಾಗಿಸಿಕೊಂಡಿತು. ಸ್ಪೇನಿನ ವಿರುದ್ಧ ಆಗಲೇ ಹೋರಾಡಿ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಫಿಲಿಪಿನೊ ಜನ ಈ ಮಾರಾಟವನ್ನು ಒಪ್ಪಲಿಲ್ಲ. 1899ರಿಂದ 1902ರವರೆಗೆ ನಡೆದ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರು ನಾಲ್ಕು ಸಾವಿರಕ್ಕೂ ಹೆಚ್ಚು. ಹಿಂಸೆ, ಹಸಿವು, ಕಾಲರಾಗಳಿಗೆ ಬಲಿಯಾದ ಫಿಲಿಪಿನೊ ನಾಗರಿಕರ ಸಂಖ್ಯೆ ಎರಡು ಲಕ್ಷದವರೆಗೆ ಇರಬಹುದೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಸಾಹಿತಿ ಮಾರ್ಕ್ ಟ್ವೇನ್, ಸಮಾಜ ಸುಧಾರಕಿ ಜೇನ್ ಆಡಮ್ಸ್ ಅವರಂಥ ಅಮೆರಿಕನ್ನರು ಇದನ್ನು ಬಹಿರಂಗವಾಗಿ ವಿರೋಧಿಸಿದರು ಎಂಬುದನ್ನೂ ಇಲ್ಲಿ ನೆನೆಯಬೇಕು.

ದೂರದ ದ್ವೀಪದಲ್ಲಿ ಕಲಿತ ಆಳ್ವಿಕೆಯ ರೀತಿ ದ್ವೀಪದಲ್ಲೇ ಉಳಿಯುವುದಿಲ್ಲ. ಮನಿಲಾದಲ್ಲಿ ಫಿಲಿಪಿನೊ ಮುಖಂಡರ ಚಲನವಲನಗಳನ್ನು ಕಾರ್ಡುಗಳಲ್ಲಿ ದಾಖಲಿಸಿಡುವ ವ್ಯವಸ್ಥೆಯಲ್ಲಿ ಪಳಗಿದ ರಾಲ್ಫ್ ವ್ಯಾನ್ ಡೆಮನ್ ಎಂಬ ಅಧಿಕಾರಿಯೇ 1917ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇನಾ ಬೇಹುಗಾರಿಕೆಯ ವಿಭಾಗವನ್ನು ಕಟ್ಟಿದರು. ಈ ಸಲ ಕಣ್ಣಿಟ್ಟದ್ದು ಅಮೆರಿಕದ ಪ್ರಜೆಗಳ ಮೇಲೆ. ಅದೇ ವರ್ಷ ಬಂದ ಬೇಹುಗಾರಿಕೆ ತಡೆ ಕಾಯ್ದೆಯಡಿ, ಯುದ್ಧವನ್ನು ಟೀಕಿಸಿ ಒಹಾಯೊದಲ್ಲಿ ಭಾಷಣ ಮಾಡಿದ ತಪ್ಪಿಗೆ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಅವರಿಗೆ ಹತ್ತು ವರ್ಷ ಶಿಕ್ಷೆಯಾಯಿತು. 1920ರಲ್ಲಿ ಜೈಲಿನಿಂದಲೇ ಅಧ್ಯಕ್ಷ ಹುದ್ದೆಗೆ ನಿಂತ ಅವರಿಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು.

ಇನ್ನು ಮಹಿಳೆಯರ ಮಾತು. ಪಶ್ಚಿಮದ ವಯೋಮಿಂಗ್ ಪ್ರಾಂತದ ಹೆಂಗಸರು 1869ರಲ್ಲೇ ಮತದಾನದ ಹಕ್ಕು ಪಡೆದಿದ್ದರು. ಆಗ ಯಾವ ಮಹಾಯುದ್ಧವೂ ಇರಲಿಲ್ಲ. 1917ರ ಜನವರಿಯಿಂದ ಮಹಿಳಾ ಮತಾಧಿಕಾರದ ಹೋರಾಟಗಾರ್ತಿ ಆಲಿಸ್ ಪಾಲ್ ಅವರ ಸಂಗಡಿಗರು ಶ್ವೇತಭವನದ ಗೇಟಿನ ಮುಂದೆ, ಚಳಿ ಮಳೆಯೆನ್ನದೆ, ಬ್ಯಾನರ್ ಹಿಡಿದು ಮೌನವಾಗಿ ನಿಂತರು. ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಅವರು ಆ ಬ್ಯಾನರುಗಳ ಮೇಲೆ ಬರೆದದ್ದು ಅಧ್ಯಕ್ಷ ವಿಲ್ಸನ್ನರ ಮಾತುಗಳನ್ನೇ: ಆಳಿಸಿಕೊಳ್ಳುವವರಿಗೆ ತಮ್ಮ ಸರ್ಕಾರದಲ್ಲಿ ದನಿ ಇರಬೇಕು, ಆ ಹಕ್ಕಿಗಾಗಿ ನಾವು ಹೋರಾಡುತ್ತೇವೆ ಎಂದು ಅವರು ಯುದ್ಧಘೋಷಣೆಯ ಭಾಷಣದಲ್ಲಿ ಆಡಿದ್ದ ಮಾತುಗಳನ್ನು. ಪೊಲೀಸರು ಈ ಹೆಂಗಸರನ್ನು ಹಿಡಿದೊಯ್ದದ್ದು ಸಂಚಾರಕ್ಕೆ ಅಡ್ಡಿ ಮಾಡಿದರೆಂಬ ಆರೋಪದ ಮೇಲೆ. ನವೆಂಬರಿನ ಒಂದು ರಾತ್ರಿ ವರ್ಜೀನಿಯಾದ ಆಕೋಕ್ವಾನ್ ಬಂದೀಖಾನೆಯಲ್ಲಿ ಕಾವಲುಗಾರರು ಇವರಲ್ಲೊಬ್ಬರಾದ ಲೂಸಿ ಬರ್ನ್ಸ್ ಅವರ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಕೋಣೆಯ ಸರಳಿಗೆ ಬೇಡಿ ಹಾಕಿ ನಿಲ್ಲಿಸಿದರು. ಉಪವಾಸ ಹೂಡಿದವರಿಗೆ ಕೊಳವೆ ತುರುಕಿ ಬಲವಂತದಿಂದ ಆಹಾರ ಇಳಿಸಿದರು. ಇದನ್ನು ತಿಳಿದೂ 'ಕೊಟ್ಟಿತು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ. 1918ರ ಸೆಪ್ಟೆಂಬರಿನಲ್ಲಿ, ಯುದ್ಧವಿನ್ನೂ ನಡೆಯುತ್ತಿರುವಾಗ, ಸ್ವತಃ ವಿಲ್ಸನ್ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿಗೆ ಬಂದು ಬೇಡಿಕೊಂಡರೂ, ಹೆಂಗಸರಿಗೆ ಮತದಾನದ ಹಕ್ಕು ನೀಡುವ ಸಂವಿಧಾನ ತಿದ್ದುಪಡಿ ಮರುದಿನವೇ ಬಿದ್ದುಹೋಯಿತು. ಅದು ಸೆನೆಟ್ಟಿನಲ್ಲಿ ಗೆದ್ದದ್ದು ಯುದ್ಧ ನಿಂತ ಮೇಲೆ, 1919ರ ಜೂನಿನಲ್ಲಿ. ರಾಜ್ಯಗಳ ಅನುಮೋದನೆ ಪೂರ್ಣವಾದದ್ದು 1920ರ ಆಗಸ್ಟಿನಲ್ಲಿ. ದಕ್ಷಿಣದ ರಾಜ್ಯಗಳ ಕಪ್ಪು ಹೆಂಗಸರಂತೂ ಅದರ ಫಲವನ್ನು ಉಣ್ಣಲು 1965ರ ಮತದಾನ ಹಕ್ಕು ಕಾಯ್ದೆಯವರೆಗೆ ಕಾಯಬೇಕಾಯಿತು.

ಕಪ್ಪು ಸೈನಿಕರ ಸಂಗತಿ ಇದಕ್ಕಿಂತ ಕಹಿಯಾದದ್ದು. ತನ್ನ ಬಿಳಿಯ ಸೈನಿಕರ ಜೊತೆ ಹೋರಾಡಲು ಬಿಡದೆ ಅಮೆರಿಕದ ಸೇನೆ ಫ್ರೆಂಚರ ಕೈಗೊಪ್ಪಿಸಿದ ನ್ಯೂಯಾರ್ಕಿನ 369ನೇ ಪಡೆ 191 ದಿನ ರಣರಂಗದಲ್ಲಿದ್ದು, ಫ್ರಾನ್ಸಿನ ಶೌರ್ಯ ಪದಕ ಪಡೆದು, 1919ರ ಫೆಬ್ರುವರಿಯಲ್ಲಿ ತನ್ನೂರಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆ ನಡೆದು ಬಂತು. ಐದು ತಿಂಗಳ ನಂತರ ಶಿಕಾಗೊದಲ್ಲಿ, ಮಿಷಿಗನ್ ಸರೋವರದಲ್ಲಿ ಈಜುತ್ತಿದ್ದ ಹದಿನೇಳು ವರ್ಷದ ಕಪ್ಪು ಹುಡುಗ ಯೂಜೀನ್ ವಿಲಿಯಮ್ಸ್, ಬಿಳಿಯರ ಪಾಲಿನ ದಡದತ್ತ ತೇಲಿಹೋದನೆಂಬ ಕಾರಣಕ್ಕೆ ಕಲ್ಲೆಸೆತಕ್ಕೆ ಸಿಕ್ಕಿ ನೀರಿನಲ್ಲೇ ಸತ್ತ. ಅಲ್ಲಿಂದ ಹೊತ್ತಿಕೊಂಡ ಗಲಭೆಯಲ್ಲಿ 38 ಜನ ಸತ್ತರು. ದಕ್ಷಿಣದಿಂದ ಉತ್ತರದ ಕಾರ್ಖಾನೆಗಳಿಗೆ ಗುಳೆ ಹೊರಟ ಲಕ್ಷಾಂತರ ಕುಟುಂಬಗಳು ಕೂಲಿ ಗಳಿಸಿಕೊಂಡದ್ದು ನಿಜ. ಆ ಬದುಕನ್ನು ಅವರು ತಾವೇ ಕಟ್ಟಿಕೊಂಡದ್ದು.

ನಮ್ಮ ಭಾಗದವರಿಗೂ ಈ ಕಾಲದ ನೆನಪು ಬೇರೆಯಲ್ಲ. ಮುಂದೆ ಸೇವಾದಳವನ್ನು ಕಟ್ಟಿದ ಧಾರವಾಡ ಸೀಮೆಯ ಡಾ. ನಾ. ಸು. ಹರ್ಡೀಕರರು ಮಿಷಿಗನ್ನಿನಲ್ಲಿ ಓದಿ, ಭಾರತದ ಸ್ವರಾಜ್ಯಕ್ಕಾಗಿ ಲಾಲಾ ಲಜಪತ ರಾಯರು 1917ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಹೋಂ ರೂಲ್ ಲೀಗಿಗಾಗಿ ದುಡಿದವರು. ಪ್ರಜಾಪ್ರಭುತ್ವಕ್ಕಾಗಿ ಯುದ್ಧಕ್ಕಿಳಿಯುವುದಾಗಿ ಅಮೆರಿಕ ಸಾರಿದ ಆ ವರ್ಷದಲ್ಲೇ ಅದರ ವಲಸೆ ಕಾನೂನು ಏಷ್ಯಾದ ಬಹುಭಾಗದ ಜೊತೆ ಭಾರತದ ಕೂಲಿಕಾರರಿಗೂ ಬಾಗಿಲು ಮುಚ್ಚಿತು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಾರತೀಯ ಭಗತ್ ಸಿಂಗ್ ಥಿಂಡ್ ಅವರಿಗೂ ಪೌರತ್ವ ಸಲ್ಲದೆಂದು ತೀರ್ಪಿತ್ತಿತು. ಇಂದು ಅಲ್ಲಿ ನೆಲೆಸಿರುವ ನಮ್ಮ ಮಕ್ಕಳಲ್ಲಿ ಬಹುಪಾಲು ಜನರಿಗೆ ದಾರಿ ತೆರೆದದ್ದು 1965ರ ವಲಸೆ ಕಾನೂನು, ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ಗೆಲುವು ಕಾಣುತ್ತಿದ್ದ ದಿನಗಳಲ್ಲಿ ಬಂದದ್ದು.

ಲೇಖಕರು ಈ ವಿಷಯವನ್ನು ಮುಂದುವರಿಸುವುದಾದರೆ ಪೋರ್ಟೊ ರಿಕೊದ ಜನರ ಬಗ್ಗೆಯೂ ಬರೆಯಲಿ ಎಂದು ವಿನಂತಿಸುತ್ತೇನೆ. 1917ರ ಮಾರ್ಚಿನಲ್ಲಿ ಅವರು ಅಮೆರಿಕದ ಪ್ರಜೆಗಳಾದರು, ಆ ಯುದ್ಧಕ್ಕೆ ಅಲ್ಲಿನ ಯುವಕರನ್ನೂ ಕಡ್ಡಾಯವಾಗಿ ಸೇನೆಗೆ ಸೇರಿಸಿಕೊಳ್ಳಲಾಯಿತು. ಆ ದ್ವೀಪದಲ್ಲಿ ವಾಸಿಸುವವರಿಗೆ ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಇಂದಿಗೂ ಮತವಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಹುಬ್ಬಳ್ಳಿ